ತೊಟ್ಟಿಲಿಗೆ ಹಚ್ಚಿದ ಕೆಂಪು ಪ್ರೈಮರ್

ನಿಲಂಗಾ, ಬುಧವಾರ
೧೨ ಫೆಬ್ರವರಿ ೨೦೨೫

ಪ್ರೀತಿಯ ಮಗಳು ಪ್ರಾಜಕ್ತಾ,

ಹೇಗಿದ್ದೀಯಮ್ಮಾ? ಮೀನಲ ಸರಿಯಾಗಿ ಉಣ್ಣುತ್ತಾಳೆಯೇ? ರತ್ನಾಗಿರಿಯ ಉಪ್ಪುಗಾಳಿ ಕೂಸಿಗೆ ಒಗ್ಗಿತೇ? ನಿನ್ನ ಅವ್ವನ ಮೊಣಕಾಲು ನೋವು ಹಾಗೇ ಇದೆ, ಆದರೂ ನಿನಗೆಂದು ಶೇಂಗಾ ಚಟ್ನಿ ಕುಟ್ಟಿದ್ದಾಳೆ.

ನಮ್ಮ ಬಣ್ಣದಂಗಡಿಗೆ ಬರುವ ಪೇಂಟರ್ ಬಕ್ಕಪ್ಪ ನಿನಗೆ ನೆನಪಿರಬೇಕು, ನೀನು ಸಣ್ಣವಳಿದ್ದಾಗ ಗೋಡೆಯ ಮೇಲೆ ನವಿಲು ಬರೆದುಕೊಟ್ಟವನು. ಸೋಮವಾರ ಬಂದಿದ್ದ. ಎರಡೂ ಕೈಗಳು ಮಣಿಕಟ್ಟಿನಿಂದ ಜೋತುಬಿದ್ದಿದ್ದವು. ನೀರಿನ ಲೋಟ ಎತ್ತಲಾಗಲಿಲ್ಲ, ನಾನೇ ಕುಡಿಸಿದೆ. ‘ಲಾತೂರಿನ ಡಾಕ್ಟರ್ ರಕ್ತಾ ತಪಾಸ್ಯಾರ್ರಿ ಸಾವ್ಕಾರ. ಮೈಯಾಗ ಸೀಸ ತುಂಬ್ಯಾದಂತ. ನೀರಿನ ಟಾಕಿ ಮ್ಯಾಲಿನ ಹಳೀ ಕೆಂಪು ಪ್ರೈಮರ್ ಉಜ್ಜಿದ ಧೂಳ ಒಳಗ ಹೋಗ್ಯಾದ. ಸಣ್ಣ ಕೂಸುಗಳಿಗಂತೂ ಭಾಳ ಕೆಟ್ಟ ಅಂದ್ರು’ ಎಂದ.

ಕೂಸಿಗೆಂದು ನಾನು ಕಳಿಸಿದ ಕಬ್ಬಿಣದ ತೊಟ್ಟಿಲು ನೆನಪಾಯಿತು. ಸಮುದ್ರದೂರು, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದೀತೆಂದು ಗೋದಾಮಿನಲ್ಲಿ ಉಳಿದಿದ್ದ ಅದೇ ಪ್ರೈಮರಿನ ಹಳೆಯ ಡಬ್ಬಿ ತೆಗೆದು, ಎರಡು ಪದರ ಹಚ್ಚಿ, ಮೇಲೆ ನೀಲಿ ಬಳಿದಿದ್ದೆ. ಬಕ್ಕಪ್ಪ ಬಂದ ದಿನ ಸಂಜೆಯೇ ನೀನು ಕಳಿಸಿದ ಫೋಟೋ ಫೋನಿಗೆ ಬಂತು. ‘ಅಪ್ಪಾ, ಹಲ್ಲು ಬರ್ಲಿಕತ್ಯಾವ ನೋಡ್ರಿ’ ಎಂದು ನೀನು ಬರೆದಿದ್ದೆ. ಮೀನಲ ತೊಟ್ಟಿಲ ಸರಳು ಕಚ್ಚಿ ನಗುತ್ತಿದ್ದಳು. ಬೆರಳುದ್ದ ನೀಲಿ ಹೋಗಿ ಒಳಗಿನ ಕೆಂಪು ಕಾಣುತ್ತಿತ್ತು. ತುಟಿಯ ಮೇಲೂ ಕೆಂಪು.

ಕೂಡಲೇ ಫೋನ್ ಮಾಡಿದೆ. ನಿನ್ನ ಅತ್ತೆಯವರು ಎತ್ತಿ, ‘ತೊಟ್ಟಿಲಾ ಭಾಳ ಛಂದ ಮಾಡಿ ಕಳಿಸೀರಿ’ ಎಂದರು. ಸ್ಕ್ರೂ ಸಡಿಲ ಇದೆ, ಕೂಸನ್ನು ಅದರ ಹತ್ತಿರ ಬಿಡಬೇಡಿ ಎಂದು ಸುಳ್ಳು ಹೇಳಿದೆ. ಆಮೇಲೂ ಫೋನಿನಲ್ಲಿ ನಿಜ ಹೇಳುವ ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಪತ್ರ ತರುವ ನಿನ್ನ ತಮ್ಮ ರವಿಕಾಂತ ಆ ತೊಟ್ಟಿಲನ್ನು ವಾಪಸು ಒಯ್ಯುತ್ತಾನೆ. ಅದರ ಬಣ್ಣ ಕೆರೆಯಬೇಡಿ. ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸು. ಕೂಸನ್ನು ಪತ್ರ ಓದಿದ ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ರಕ್ತದಲ್ಲಿ ಸೀಸ ಎಷ್ಟಿದೆ ನೋಡಿರೆಂದು ಬಾಯಿಬಿಟ್ಟು ಕೇಳು. ಏನೇ ಬರಲಿ, ನನಗೆ ಮುಚ್ಚಿಡಬೇಡ.

ಅಳಿಯಂದಿರಿಗೂ ಅತ್ತೆಯವರಿಗೂ ಶರಣು. ನನ್ನ ಕೂಸನ್ನು ಬಸವಣ್ಣ ಕಾಯಲಿ.

ನಿನ್ನ ಅಪ್ಪ,
ಸೂರ್ಯಕಾಂತ

ತಾ.ಕ.: ರವಿಕಾಂತ ಬಸ್ಸಿಗೆ ಹೊರಟು ನಿಂತಿದ್ದಾನೆ. ಮಕ್ಕಳ ಸಾಮಾನಿಗೆ ಹಚ್ಚಬಾರದೆಂದು ಡಬ್ಬಿಯ ಮೇಲೆ ಮರಾಠಿಯಲ್ಲಿ ಬರೆದಿತ್ತು. ನಾನು ಓದಿದ್ದೆ. ಮೇಲೆ ನೀಲಿ ಬಳಿಯುತ್ತೇನಲ್ಲ, ಏನಾದೀತು ಎಂದುಕೊಂಡೆ. ಡಾಕ್ಟರಿಗೆ ಇದನ್ನೂ ಹೇಳು. ನಿನ್ನ ಅವ್ವನಿಗೆ ನಾನೇ ಹೇಳಬೇಕು, ಇನ್ನೂ ಹೇಳಿಲ್ಲ.