ನಗು ಎಂದಾಗ ನಕ್ಕ ಹುಡುಗಿ

ಮಾನ್ಯ ವಿದ್ಯಾಧಿಕಾರಿಗಳೇ,

ಮಕ್ಕಳ ಮೊಬೈಲ್ ಗೀಳು ಬಿಡಿಸಲು ತಾವು ಹೊರಡಿಸಿದ ಸುತ್ತೋಲೆ ನನ್ನ ಮೊಬೈಲಿಗೇ ಬಂತು. ಶಿಕ್ಷಕರು ಮನೆಮನೆಗೆ ಹೋಗಿ ಮಕ್ಕಳ ಮನಸ್ಸನ್ನು ಅರಿಯಬೇಕು. ಅರಿತದ್ದಕ್ಕೆ ಸಾಕ್ಷಿಯಾಗಿ ಫೋಟೋ ತೆಗೆದು ಅಂದೇ ಸಂಜೆ ಐದರೊಳಗೆ ಆ್ಯಪ್‌ಗೆ ಏರಿಸಬೇಕು. ಮನಸ್ಸು ಫೋಟೋದಲ್ಲಿ ಬೀಳುತ್ತದೆಂದು ತಮಗೆ ಯಾರು ಹೇಳಿದರು? ಇದನ್ನು ನಾನು ಆಗಲೇ ಕೇಳಬೇಕಿತ್ತು. ಕೇಳದೆ ವಿಧೇಯಳಾಗಿ ಹೊರಟೆ.

ನನ್ನ ಒಂಬತ್ತನೇ ತರಗತಿಯ ರಶ್ಮಿತಾಳ ಮನೆ ಗಡಿನಾಡಿನ ಬಾಯಾರಿನಲ್ಲಿದೆ. ಬೀಡಿ ಕಟ್ಟುತ್ತಿದ್ದ ತಾಯಿ ದೇವಕಿ ಮೊರ ಬದಿಗಿಟ್ಟು ಎದ್ದರು. "ಇವಳಿಗೆ ಎಂತ ಆಗಿದೆಯೋ ಗೊತ್ತಿಲ್ಲ ಟೀಚರ್. ಮೊದಲು ಬಾಯಿ ಮುಚ್ಚುತ್ತಿರಲಿಲ್ಲ. ಈಗ ಮೊಬೈಲ್ ಒಂದೇ. ನಿದ್ರೆ ಇಲ್ಲ, ಮಾತಾಡಿಸಿದ್ರೆ ಅಳು. ಬೈದ್ರೆ ಹೋಂವರ್ಕ್ ಉಂಟು ಅಂತಾಳೆ."

ವಾಟ್ಸಾಪಿನಲ್ಲಿ ಆ ಹೋಂವರ್ಕ್ ಕಳಿಸುವವಳು ನಾನೇ. ಆದರೂ ಮೊಬೈಲಿನ ದುಷ್ಪರಿಣಾಮಗಳ ಬಗ್ಗೆ ಹತ್ತು ನಿಮಿಷ ಉಪದೇಶಿಸಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಬಳಿಕ ರಶ್ಮಿತಾಳನ್ನು ಪಕ್ಕದಲ್ಲಿ ನಿಲ್ಲಿಸಿ "ಸ್ವಲ್ಪ ನಗು ಮಗಾ" ಎಂದೆ. ನಕ್ಕಳು. ಒಳಗೆ ರೇಂಜ್ ಇಲ್ಲವೆಂದು ಅಂಗಳಕ್ಕಿಳಿದು ಫೋನ್ ಎತ್ತಿ ಹಿಡಿದು ನಿಂತೆ. ಅವಳು ಹಿಂದೆಯೇ ಬಂದಳು.

"ಟೀಚರ್, ಒಂದು ವಿಷಯ ಹೇಳ್ಲಿಕ್ಕುಂಟು. ಅಮ್ಮನಿಗೆ ಗೊತ್ತಾಗಬಾರದು."

"ನಿಲ್ಲು ಮಾರಾಯ್ತಿ, ಇದೊಂದು ಹೋಗ್ಲಿ" ಎಂದೆ, ಪರದೆಯಿಂದ ಕಣ್ಣು ತೆಗೆಯದೆ. ಐದಕ್ಕೆ ಎಂಟು ನಿಮಿಷ ಇರುವಾಗ ಫೋಟೋ ಹೋಯಿತು. ತಿರುಗಿ ನೋಡಿದರೆ ಅವಳಿರಲಿಲ್ಲ. ಒಳಗೆ ಹೋಗಿ ಕೇಳಬಹುದಿತ್ತು. ಬಸ್ಸು ತಪ್ಪುತ್ತದೆಂದು ಓಡಿದೆ.

ಮರುದಿನದಿಂದ ಅವಳು ಶಾಲೆಗೆ ಬಂದಿಲ್ಲ. ಮೂರು ವಾರವಾಯಿತು. ಮತ್ತೆ ಹೋಗಿ, "ಅವತ್ತು ಎಂತ ಹೇಳಬೇಕು ಅಂತಿದ್ದೆ?" ಎಂದು ಕೈ ಹಿಡಿದು ಕೇಳಿದರೆ, ಗೋಡೆ ನೋಡುತ್ತ "ಎಂತ ಇಲ್ಲ ಟೀಚರ್" ಎನ್ನುತ್ತಾಳೆ. ನಾನು ತಿಳಿಸಿದ ಮೇಲೆ ಅವಳ ಮನಸ್ಸು ಅರಿಯಲು ತಾವು ಕಳಿಸಿದ ಕೌನ್ಸಿಲರ್ ಒಳ್ಳೆಯವರೇ, ಆದರೆ ಅವರಿಗೆ ಮಲಯಾಳ ಮಾತ್ರ ಗೊತ್ತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಹುಡುಗಿ ಹೆತ್ತವಳಿಗೂ ಹೇಳದ್ದನ್ನು ಅವರಿಗೆ ಯಾವ ಭಾಷೆಯಲ್ಲಿ ಹೇಳಬೇಕು?

ತಪ್ಪು ನನ್ನದು. ಅದನ್ನು ತಮ್ಮ ಸುತ್ತೋಲೆಯ ತಲೆಗೆ ಕಟ್ಟಿ ನಾನು ಹಗುರಾಗಲಾರೆ. ಆದರೆ ತುಳುವೋ ಕನ್ನಡವೋ ಬಲ್ಲ ಕೌನ್ಸಿಲರರನ್ನು ಈ ವಾರವೇ ಕಳಿಸಿ. ಅಲ್ಲಿಯವರೆಗೆ ದಿನವೂ ಶಾಲೆ ಬಿಟ್ಟ ಮೇಲೆ ಅವಳ ಮನೆಯ ಜಗಲಿಯಲ್ಲಿ ನಾನು ಕೂರುತ್ತೇನೆ. ನಿನ್ನೆ ಒಂದು ಗಂಟೆ ಇಬ್ಬರೂ ಸುಮ್ಮನೆ ಕೂತೆವು. ಹೊರಡುವಾಗ, "ನಾಳೆಯೂ ಬರ್ತೀರಾ?" ಎಂದಳು. ಬರುತ್ತೇನೆಂದೆ. ಆದುದರಿಂದ ಇಂದು ಸಂಜೆ ತಾವು ಕರೆದಿರುವ ಆನ್‌ಲೈನ್ ಸಭೆಗೆ ನಾನಿಲ್ಲ. ನೋಟೀಸು ಕೊಡುವುದಿದ್ದರೆ ಕೊಡಿ.

ಇಂತಿ,
ಹದಿನೇಳು ವರ್ಷ ಪಾಠ ಹೇಳಿಯೂ ಮಕ್ಕಳ ಮಾತು ಕೇಳಲು ಕಲಿಯದ
ಪಂಕಜಾಕ್ಷಿ ಟೀಚರ್