ಎಂಟನೇ ನಂಬರಿನ ಶೂ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ನಾವು ಚೆನ್ನಾಗಿದ್ದೇವೆ. ನೀನೂ ಹೊತ್ತುಹೊತ್ತಿಗೆ ಊಟ ಮಾಡಿಕೊಂಡು ಓದಿಕೊಂಡಿದ್ದೀಯ ಎಂದುಕೊಂಡಿದ್ದೇನೆ. ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನು ಮಾಡಿದರೆ ನೀನು "ಹೂಂ, ಸರಿ, ಆಮೇಲೆ ಮಾತಾಡ್ತೀನಿ" ಅನ್ನುವಷ್ಟರಲ್ಲಿ ನನಗೆ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕುವುದಿಲ್ಲ.

ನನಗೆ ಆರು ತಿಂಗಳು ತುಂಬಿತು. ನಲವತ್ತೆರಡಕ್ಕೆ ಬಸುರಿ ಎಂದಾಗ ಮೊದಲು ಹುಬ್ಬೇರಿಸಿದ್ದ ಡಾಕ್ಟರಮ್ಮ ಈಗ "ನಿಮಗಿಂತ ನಿಮ್ಮ ಯಜಮಾನರಿಗೇ ಬಿಪಿ ಜಾಸ್ತಿ" ಎಂದು ನಗುತ್ತಾರೆ. ಎಲ್ಲ ಸರಿಯಾಗಿದೆಯಂತೆ. ತೊಂದರೆಯೆಂದರೆ ಕಾಲಿನದು. ಸಂಜೆಯ ಹೊತ್ತಿಗೆ ಊದಿಕೊಂಡು ಯಾರದೋ ಕಾಲಿನ ಹಾಗೆ ಕಾಣುತ್ತದೆ. ಹೋದ ವಾರ ಲೈಬ್ರರಿಯಲ್ಲಿ ಏಣಿ ಹತ್ತಿ ಪುಸ್ತಕ ಜೋಡಿಸುತ್ತಿದ್ದಾಗ ಚಪ್ಪಲಿಯ ಪಟ್ಟಿ ಕಿತ್ತುಬಂತು. ನಮ್ಮ ಲೈಬ್ರರಿಯನ್ನರು, "ಮೊದಲು ಇಳೀರಿ ಅಲ್ಲಿಂದ!" ಎಂದು ಕೂಗಿದ ಕೂಗಿಗೆ ಓದುತ್ತಿದ್ದವರೆಲ್ಲ ಎದ್ದು ನಿಂತರು. ಗೋಡೆಯ ಮೇಲೆ 'ಸದ್ದು ಮಾಡಬೇಡಿ' ಎಂದು ಬರೆಸಿದವರೇ ಅವರು. ಈಗ ನನಗೆ ಏಣಿ ಬಂದ್. ಕೌಂಟರಿನಲ್ಲಿ ಕೂತು ಮುದ್ರೆ ಒತ್ತುವ ಕೆಲಸ.

ಚಪ್ಪಲಿ ಕಿತ್ತ ಸುದ್ದಿ ನಿನ್ನ ಅತ್ತೆಗೆ ಮುಟ್ಟಿದ್ದೇ ತಡ, ದೊಡ್ಡ ಚೀಲ ಹಿಡಿದು ಬಂದೇಬಿಟ್ಟರು. ಅಂಗಡಿಯವರು ಹಳೇ ಸ್ಟಾಕು ಅಗ್ಗಕ್ಕೆ ಹಾಕಿದ್ದಾರೆ ಎಂದರೆ ನಿಮ್ಮಪ್ಪನ ಈ ಅಕ್ಕನಿಗೆ ಮಂಡಿನೋವೂ ಇರುವುದಿಲ್ಲ, ಸುಸ್ತೂ ಇರುವುದಿಲ್ಲ. ನಿನಗೆ ಗೊತ್ತಲ್ಲ.

ಮೊದಲು ಶೂ ಅಂಗಡಿ. ನನ್ನ ಆರನೇ ನಂಬರು ಕಾಲಿಗೆ ಏರಲಿಲ್ಲ, ಏಳೂ ಏರಲಿಲ್ಲ. ಹೆಂಗಸರ ಶೂಗಳಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. ಅತ್ತೆ ಸೀದಾ ಗಂಡಸರ ಸಾಲಿಗೆ ಹೋಗಿ ಮೂಲೆಯಿಂದ ಕಂದು ಬಣ್ಣದ ಎಂಟನೇ ನಂಬರು ಎಳೆದು ತಂದರು.

"ಅಮ್ಮಾ, ಅದು ಗಂಡಸರದ್ದು," ಎಂದ ಅಂಗಡಿಯವನು.

"ಒಳಗಿರೋ ಕಾಲು ಯಾರದ್ದು ಅಂತ ಶೂಗೆ ಗೊತ್ತಾಗತ್ತೇನಪ್ಪ? ವರ್ಷಗಟ್ಟಲೆ ಧೂಳು ತಿಂತಾ ಕೂತಿದೆ. ನಾವು ತಗೊಂಡ್ಹೋಗಿ ನಿನ್ನ ಜಾಗ ಖಾಲಿ ಮಾಡ್ಕೊಡ್ತಿದೀವಿ. ಅರ್ಧಕ್ಕಿಂತ ಹೆಚ್ಚು ಕೇಳಿದ್ರೆ ಎದ್ದು ಹೋಗ್ತೀವಿ ನೋಡು."

ನಾನು ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಸ್ಟೂಲಿನಲ್ಲಿ ಕೂತವಳನ್ನು ಎಬ್ಬಿಸಲು ಇಬ್ಬರು ಬೇಕಿತ್ತು. ಅವನಿಗೂ ಅದು ಕಾಣುತ್ತಿತ್ತು. ನಕ್ಕು ಅರ್ಧಕ್ಕೇ ಕೊಟ್ಟ.

ಆಮೇಲೆ ಬಟ್ಟೆ ಅಂಗಡಿ. ಬಾಗಿಲ ಬಳಿಯ ದೊಡ್ಡ ಬುಟ್ಟಿಯಲ್ಲಿ ಬಸುರಿಯರ ಬಟ್ಟೆಗಳನ್ನು ರಾಶಿ ಹಾಕಿದ್ದರು. ನಾನು ಒಂದು ನೀಲಿ ಗೌನು ಎತ್ತಿ ನೋಡುತ್ತಿದ್ದೆ. ಅಂಗಡಿಯ ಹುಡುಗಿ ಬಂದು, "ಸೊಸೆಗಾ ಮೇಡಮ್, ಮಗಳಿಗಾ? ಅವರನ್ನೇ ಕರ್ಕೊಂಡು ಬಂದಿದ್ರೆ ಅಳತೆ ನೋಡ್ಬಹುದಿತ್ತು," ಎಂದಳು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು, "ಬಂದಿದಾರಲ್ಲಮ್ಮ. ನನಗೇ," ಎಂದೆ. ಪಾಪ, ಅವಳ ಮುಖ ಕೆಂಪಗಾಯಿತು. ಮೂರು ತಿಂಗಳ ಹಿಂದಾಗಿದ್ದರೆ ನಾನು "ಹೌದು, ಸೊಸೆಗೆ" ಎಂದು ಹೇಳಿ ಹೊರಗೆ ಬಂದುಬಿಡುತ್ತಿದ್ದೆ.

ಗೌನಿನ ಇನ್ನೊಂದು ತುದಿ ಒಬ್ಬ ಹುಡುಗಿಯ ಕೈಯಲ್ಲಿತ್ತು. ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು, ಅವಳೂ ಬಸುರಿ. ನಾನು ಬಿಟ್ಟೆ, ಅವಳೂ ಬಿಟ್ಟಳು, ಗೌನು ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಇಬ್ಬರಿಗೂ ಆಗಲಿಲ್ಲ. ಕೊನೆಗೆ ಅತ್ತೆ ಎತ್ತಿದರು.

"ನಿಮ್ಗೂ ಇದು ಮೊದಲ್ನೇದಾ?" ಎಂದು ಕೇಳಿದಳು ಆ ಹುಡುಗಿ.

"ಎರಡನೇದು. ಮೊದಲನೇದಕ್ಕೆ ಇಪ್ಪತ್ತು."

"ಇಪ್ಪತ್ತು ತಿಂಗಳಾ? ಅಯ್ಯೋ, ಇನ್ನೂ ಎತ್ಕೊಂಡೇ ಓಡಾಡ್ಬೇಕಲ್ವಾ ಪಾಪ?"

"ತಿಂಗಳಲ್ಲಮ್ಮ, ವರ್ಷ. ಹಾಸ್ಟೆಲಲ್ಲಿದ್ದಾಳೆ."

ಅವಳು ನಕ್ಕಳು ನೋಡು, ನಗುತ್ತಾ ನಗುತ್ತಾ ಹೊಟ್ಟೆ ಹಿಡಿದುಕೊಂಡು ಬೆಂಚಿನಲ್ಲಿ ಕೂತೇಬಿಟ್ಟಳು. ಪಕ್ಕದಲ್ಲಿ ನಾನೂ ಕೂತೆ. ಅವಳಿಗೆ ತಾಯಿ ಇಲ್ಲವಂತೆ. ಎದೆಯುರಿಗೆ ಏನು ಮಾಡುವುದು, ಯಾವ ಮಗ್ಗುಲಿಗೆ ಮಲಗುವುದು ಎಂದು ಒಂದೊಂದೇ ಕೇಳಿದಳು. ಗೊತ್ತಿದ್ದದ್ದು ಹೇಳಿದೆ, ಗೌನನ್ನೂ ಅವಳಿಗೇ ಬಿಟ್ಟುಕೊಟ್ಟೆ. ಹೊರಡುವಾಗ, "ನಿಮ್ಮ ಮಗಳಿಗೆ ಖುಷಿನಾ ಆಂಟಿ?" ಎಂದಳು. "ಅವಳಿಗೆ ಪರೀಕ್ಷೆ ನಡೀತಿದೆ," ಎಂದೆ. ಅತ್ತೆ ನನ್ನ ಮುಖ ನೋಡಿ, ಮತ್ತೆ ಬುಟ್ಟಿಗೆ ಕೈ ಹಾಕಿದರು. ಎರಡು ಸಡಿಲ ಅಂಗಿ, ಎಲಾಸ್ಟಿಕ್ ಇರುವ ಒಂದು ಪ್ಯಾಂಟು ತೆಗೆದುಕೊಂಡು ಮನೆಗೆ ಬಂದೆವು.

ನಿಮ್ಮಪ್ಪ ಶೂ ಹಾಕಿ ನೋಡಿ, "ಇದು ನನಗೇ ಸರಿಯಾಗತ್ತಲ್ಲೇ!" ಎಂದರು. ಬೆಳಿಗ್ಗೆ ಹಾಲು ತರಲು ಅವರೇ ಅದನ್ನು ಹಾಕಿಕೊಂಡು ಹೋಗುತ್ತಾರೆ. ಕೆಲಸಕ್ಕೆ ಹೊರಡುವ ಹೊತ್ತಿಗೆ ನನಗೆ ಬೆಚ್ಚಗಿನ ಶೂ ಸಿಗುತ್ತದೆ. ಈ ವಯಸ್ಸಿನಲ್ಲಿ ಇಷ್ಟಾದರೂ ಭಾಗ್ಯ ಬೇಡವೇ?

ಚೆನ್ನಾಗಿ ಓದು. ತಲೆಗೂದಲು ಒಣಗಿಸಿಕೊಳ್ಳದೆ ಮಲಗಬೇಡ. ನೂರು ಕಾಲ ಸುಖವಾಗಿರು ಕಂದಾ.

ಇತಿ,
ನಿನ್ನ ಅಮ್ಮ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ಹೋದ ತಿಂಗಳು ನಿನ್ನನ್ನು ನೋಡಲು ಬಂದಾಗ, ಹಾಸ್ಟೆಲ್ ಗೇಟಿನಲ್ಲಿ ನಿನ್ನ ಗೆಳತಿ "ಯಾರೇ ಇವರು?" ಎಂದಳು. ನೀನು ನನ್ನ ಹೊಟ್ಟೆ ನೋಡಿ, "ಪಕ್ಕದ್ಮನೆ ಆಂಟಿ" ಎಂದೆ. ನಾನೂ ತಲೆ ಆಡಿಸಿದೆ. ನಿಮ್ಮಪ್ಪನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಿನಗೆ ನಾಚಿಕೆಯಾದರೆ ಬೈಯಲಾರೆ, ನನಗೂ ಆಗಿತ್ತು. ಆದರೆ ಹೆರಿಗೆಯ ಹೊತ್ತಿಗೆ ನೀನು ಬಾ. ಆಸ್ಪತ್ರೆಯ ಬಾಗಿಲಲ್ಲಿ, "ನೀವು ಇವರಿಗೆ ಏನಾಗಬೇಕು?" ಎಂದು ಕೇಳಿಯೇ ಒಳಗೆ ಬಿಡುತ್ತಾರೆ. ಮಗಳು ಅನ್ನು, ಗುಬ್ಬಿ. ಒಳಗೆ ನನಗೆ ಕೇಳಿಸುವ ಹಾಗೆ ಅನ್ನು.