ನೀನು ಮೇಣ ತಿಕ್ಕಿದ ನೆಲ

ಅಪ್ಪಾ,

ಟಿ. ನರಸೀಪುರದ ಹೊಳೆ ದಂಡೆಯಲ್ಲಿ ನೀನು ಮೇಟಿಯಾಗಿ ಗುಡಿಸಿ ಒರೆಸಿ ಕಾದ ಆ ಹಳೇ ಸರ್ಕಾರಿ ಬಂಗಲೆಯ ರಿಪೇರಿ ನನ್ನ ಪಾಲಿಗೇ ಬಂತು. ನಾನೀಗ ಲೋಕೋಪಯೋಗಿ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್. ನೀನು ಹೋದ ಮೇಲೆ ಆದದ್ದು ಇದು. ಸಾಹೇಬರು ಉಳಿದುಕೊಳ್ಳುತ್ತಿದ್ದ ಮಹಡಿ ಕೋಣೆಗೆ ಹೋದೆ. ಮೂವತ್ತು ವರ್ಷ ನೀನು ಮೇಣ ತಿಕ್ಕಿದ ಹಲಗೆ ನೆಲ ಮಂಕಾಗಿ, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅದಕ್ಕೆ ಇನ್ನು ಏನು ಬಳಿಯಬೇಕೆಂದು ಎಸ್ಟಿಮೇಟಿನಲ್ಲಿ ನಾನೇ ಬರೆಯಬೇಕು. ಆ ಒಂದು ಸಾಲು ಬರೆಯಲಾಗದೆ ಹದಿನೈದು ದಿನ ಫೈಲು ಹಿಡಿದು ಕೂತಿದ್ದೆ.

ಶನಿವಾರ ನಿನಗೆ ಬುತ್ತಿ ತರುತ್ತಿದ್ದೆನಲ್ಲ, ನೆನಪಿದೆಯಾ? ನೀನು ಜೇನುಮೇಣ ಕರಗಿಸಿ, ಟರ್ಪೆಂಟೈನ್ ಬೆರೆಸಿ, ಕಿಟಕಿಯಿಂದ ಬಾಗಿಲವರೆಗೆ ಮಂಡಿಯೂರಿ ಹಿಂದಕ್ಕೆ ಸರಿಯುತ್ತ ತಿಕ್ಕುತ್ತಿದ್ದೆ. ಮುಗಿದ ಮೇಲೆ ನನ್ನನ್ನು ಹೊಸಿಲಲ್ಲಿ ನಿಲ್ಲಿಸಿ, "ನೋಡ್ಲಾ, ಕಿಟಕಿ ನೆಲದಾಗೆ ಕಾಣ್ತದೆ" ಅನ್ನುತ್ತಿದ್ದೆ. ಆಗಿನ ನಿನ್ನ ಮುಖ ಮರೆತಿಲ್ಲ. ಕೊನೆಕೊನೆಗೆ ಬಸ್ಸಿನ ಮೆಟ್ಟಿಲು ಹತ್ತಲು ನಿನ್ನ ಮಂಡಿ ಮಡಚುತ್ತಿರಲಿಲ್ಲ, ಅದನ್ನೂ ಮರೆತಿಲ್ಲ. ಯಾವುದನ್ನು ನೆನೆದು ಆ ಸಾಲು ಬರೆಯಲಿ?

ನಂಜನಗೂಡಿನ ಬಡಗಿಯೊಬ್ಬರನ್ನು ಕರೆಸಿದೆ. ಮೇಣವಾದರೆ ಹಳೆಯದರ ಮೇಲೇ ತಿಕ್ಕಬಹುದು, ಆದರೆ ಬಿಡದೆ ತಿಕ್ಕುತ್ತಲೇ ಇರಬೇಕು. ಅಗಸೆ ಎಣ್ಣೆ ಆರುವುದು ನಿಧಾನ, ಧೂಳು ಹಿಡಿಯುತ್ತದೆ. ವಾರ್ನಿಷ್ ಆದರೆ ವರ್ಷಗಟ್ಟಲೆ ನಿಶ್ಚಿಂತೆ ಅಂದರು. ನನಗೆ ಸಮಾಧಾನವಾಗುವಷ್ಟರಲ್ಲಿ, "ಮೇಣದ ಮೇಲೆ ವಾರ್ನಿಷ್ ಕಚ್ಚಲ್ಲ ಸಾ. ಇರೋದನ್ನೆಲ್ಲ ಕೆರೆದು ತೆಗೀಬೇಕು" ಎಂದರು. ಇರೋದೆಲ್ಲ ಅಂದರೆ, ಅಪ್ಪಾ, ನೀನು ತಿಕ್ಕಿದ್ದೆಲ್ಲ...

ಈಗ ಅಲ್ಲಿ ನಿನ್ನ ಕೆಲಸ ಮಾಡುವವರು ಶಿವಮ್ಮ ಅಂತ. ಅವರನ್ನೂ ಕೇಳಿದೆ. "ನೀವು ಏನ್ ಬರದ್ರೂ ತಿಕ್ಕೋಳು ನಾನೇ ಅಲ್ವಾ ಸಾ" ಅಂದು ಪೊರಕೆ ಎತ್ತಿಕೊಂಡು ಹೋದರು.

ಬನ್ನೂರಿಗೆ ಹೋಗಿ ಅಮ್ಮನ ಮುಂದೆ ಕೂತೆ. ಮೇಣವೇ ಇರಲಿ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ ಹೇಳಿದಳು: "ಆ ಹೊಳಪು ನೋಡಿ ನಿಮ್ಮಪ್ಪ ಕುಸಿ ಪಡ್ತಿದ್ದದ್ದೂ ದಿಟ, ಆ ಮಂಡಿಗೆ ನಾನು ಅಳ್ಳೆಣ್ಣೆ ತಿಕ್ಕಿದ್ದೂ ದಿಟ. ನನ್ನ ಕೇಳ್ಬ್ಯಾಡ ಕಣಪ್ಪ."

ಕೊನೆಗೆ ವಾರ್ನಿಷ್ ಎಂದೇ ಬರೆದೆ. ಕೆರೆಯುವ ದಿನ ಅಲ್ಲೇ ನಿಂತಿದ್ದೆ. ಉಪ್ಪು ಕಾಗದದಡಿಯಿಂದ ಹಳದಿ ಪುಡಿ ಏಳುತ್ತಿತ್ತು. ಕೋಣೆಯೆಲ್ಲ ನಿನ್ನ ಅಂಗಿಯ ವಾಸನೆ. ನಿಲ್ಲಿಸಿ ಅನ್ನುವ ಮಾತು ಎರಡು ಸಲ ಬಾಯಿಗೆ ಬಂತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂದರೆ... ಮೂರು ಕೋಟು ಹೊಡೆದ ಮೇಲೆ ನೆಲ ಈಗಷ್ಟೇ ಒದ್ದೆಯಾದಂತೆ ಮಿನುಗಿತು. ನಿನ್ನ ಹೊಳಪಲ್ಲ ಅದು. ಶಿವಮ್ಮ ಈಗ ಕೋಲಿಗೆ ಬಟ್ಟೆ ಸುತ್ತಿ ನಿಂತೇ ಒರೆಸುತ್ತಾರೆ. ಸರಿ ಮಾಡಿದೆನಾ? ನಿನ್ನನ್ನು ಅಲ್ಲಿಂದ ಅಳಿಸಿಬಿಟ್ಟೆನಾ? ಇವತ್ತಿಗೂ ತಿಳಿಯುತ್ತಿಲ್ಲ.

ಹೋದ ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನೀನು ಅಲ್ಲಿದ್ದಷ್ಟು ವರ್ಷವೂ ಅವಳು ಆ ಮಹಡಿ ಹತ್ತಿರಲಿಲ್ಲ. ಕುರ್ಚಿ ಎಳೆದುಕೊಟ್ಟೆ; ಬೇಡವೆಂದು ನೆಲದ ನಡುವೆಯೇ ಕೂತು, ಕಾಲು ನೀಡಿ, ಅಂಗೈಯಿಂದ ಹಲಗೆ ಸವರಿದಳು. ಆಮೇಲೆ, "ಇಷ್ಟು ಗಾಳಿ ಬತ್ತದಾ ಇಲ್ಲಿ? ಒಂದಿನಾನೂ ಹೇಳ್ಲಿಲ್ವಲ್ಲ ನಿಮ್ಮಪ್ಪ" ಎಂದಳು. ಹಾಗೇ ಒರಗಿ ಅಲ್ಲೇ ನಿದ್ದೆ ಹೋದಳಪ್ಪಾ. ಬನ್ನೂರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಎಬ್ಬಿಸಲಿಲ್ಲ.

ನಿನ್ನ ಮಗ,
ಸಿದ್ದರಾಜು